ಕಾಲೇಜು ಹಾಸನಕ್ಕೆ, ಪಿಂಚಣಿ ಮೈಸೂರಿಗೆ: ಸೊರಗಿದ ವಿಶ್ವವಿದ್ಯಾಲಯಗಳಿಗೆ ಸರ್ಕಾರ ಎಂಥ ನೆರವು ಕೊಡಬೇಕು?

2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿಯು, ಹಿಂದಿನ ಸರ್ಕಾರದ ಕಾಲದಲ್ಲಿ ಹುಟ್ಟಿದ ಹತ್ತು ವಿಶ್ವವಿದ್ಯಾಲಯಗಳಲ್ಲಿ ಬೀದರ್ ಒಂದನ್ನು ಬಿಟ್ಟು ಉಳಿದ ಒಂಬತ್ತನ್ನು ಮುಂದುವರಿಸಬೇಕಾಗಿಲ್ಲ ಎಂಬ ನಿಲುವಿಗೆ ಬಂದಾಗ, ಹಾಸನದಲ್ಲಿ ಚರ್ಚೆ ತಕ್ಷಣವೇ ಎರಡು ಹೋಳಾಯಿತು. ಜಿಲ್ಲೆಗೆ ಬಂದ ವಿಶ್ವವಿದ್ಯಾಲಯವನ್ನು ಕಿತ್ತುಕೊಳ್ಳುತ್ತಿದ್ದಾರೆ ಎಂದು ಒಂದು ಕಡೆಯವರು ಬೀದಿಗಿಳಿದರು. ಕಟ್ಟಡವಿಲ್ಲದ, ಕಾಯಂ ಪ್ರಾಧ್ಯಾಪಕರಿಲ್ಲದ ಸಂಸ್ಥೆಗೆ ವಿಶ್ವವಿದ್ಯಾಲಯವೆಂಬ ಬೋರ್ಡು ಹಾಕಿದ್ದೇ ತಪ್ಪು ಎಂದು ಇನ್ನೊಂದು ಕಡೆಯವರು ಹೇಳಿದರು. ಎರಡೂ ಕಡೆಯವರು ಒಪ್ಪಿಕೊಂಡಿದ್ದ ಒಂದು ಮಾತು ಮಾತ್ರ ಪರೀಕ್ಷೆಗೆ ಒಳಗಾಗಲೇ ಇಲ್ಲ. ಹಾಸನ ವಿಶ್ವವಿದ್ಯಾಲಯದ ಹಣಕಾಸಿನ ಸಮಸ್ಯೆ ಹಾಸನದ್ದು, ಅದನ್ನು ಮುಚ್ಚಿದರೆ ಅಥವಾ ಅದಕ್ಕೆ ಹಣ ಕೊಟ್ಟರೆ ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ ಎಂಬುದೇ ಆ ಮಾತು.

ಲೆಕ್ಕದ ಪುಸ್ತಕ ತೆರೆದು ನೋಡಿದರೆ ಹಾಗೆ ಕಾಣುವುದಿಲ್ಲ. ಹಾಸನ ವಿಶ್ವವಿದ್ಯಾಲಯದ ಬಡತನಕ್ಕೂ, ಅದರ ತಾಯಿ ಸಂಸ್ಥೆಯಾದ ಮೈಸೂರು ವಿಶ್ವವಿದ್ಯಾಲಯದ ನಿವೃತ್ತರ ಪಿಂಚಣಿ ಬಾಕಿಗೂ ಬೇರು ಒಂದೇ. ಆ ಬೇರನ್ನು ಮುಟ್ಟದೆ ಕೊಡುವ ಯಾವ ಅನುದಾನವೂ, ಮಾಡುವ ಯಾವ ವಿಲೀನವೂ ಹೆಚ್ಚು ಕಾಲ ಕೆಲಸ ಮಾಡಲಾರದು ಎಂಬುದು ಈ ಲೇಖನದ ವಾದ.

ಹೇಮಗಂಗೋತ್ರಿಯಿಂದ ವಿಶ್ವವಿದ್ಯಾಲಯದವರೆಗೆ

ಹಾಸನ ನಗರದ ಹೊರವಲಯದ ಹೇಮಗಂಗೋತ್ರಿ ಬಹುಕಾಲ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಸಕಲೇಶಪುರ, ಅರಕಲಗೂಡು, ಬೇಲೂರು, ಅರಸೀಕೆರೆ ಕಡೆಯ ಮಕ್ಕಳು ಎಂ.ಎ., ಎಂ.ಕಾಂ. ಓದಲು ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನ ಮುಖ್ಯ ಆವರಣ ಮಾನಸಗಂಗೋತ್ರಿಗೆ ಹೋಗಬೇಕಾದ ಅನಿವಾರ್ಯವನ್ನು ಆ ಕೇಂದ್ರ ತಕ್ಕಮಟ್ಟಿಗೆ ತಪ್ಪಿಸಿತ್ತು. 2022ರಲ್ಲಿ ರಾಜ್ಯ ಸರ್ಕಾರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ಕ್ಕೆ ತಿದ್ದುಪಡಿ ತಂದು ಬೀದರ್, ಹಾಸನ, ಹಾವೇರಿ, ಚಾಮರಾಜನಗರ, ಕೊಡಗು, ಕೊಪ್ಪಳ ಮತ್ತು ಬಾಗಲಕೋಟೆಗಳಲ್ಲಿ ಆ ಹತ್ತರಲ್ಲಿ ಏಳು ವಿಶ್ವವಿದ್ಯಾಲಯಗಳನ್ನು ಒಟ್ಟಿಗೇ ಸೃಷ್ಟಿಸಿತು. 2023ರ ಮಾರ್ಚ್‌ನಲ್ಲಿ, ವಿಧಾನಸಭಾ ಚುನಾವಣೆಗೆ ಕೆಲವೇ ವಾರಗಳ ಮುಂಚೆ, ಅವುಗಳ ಉದ್ಘಾಟನೆಯೂ ಆಯಿತು. ಹೊಸ ಜಮೀನು ಬೇಡ, ಹೊಸ ಕಟ್ಟಡ ಬೇಡ, ಇರುವ ಸ್ನಾತಕೋತ್ತರ ಕೇಂದ್ರವನ್ನೇ ಆವರಣವಾಗಿ ಮಾಡಿಕೊಂಡು, ಕನಿಷ್ಠ ಸಿಬ್ಬಂದಿಯಿಂದ, ತಂತ್ರಜ್ಞಾನದ ನೆರವಿನಿಂದ ನಡೆಯುವ ಹೊಸ ಮಾದರಿ ಇದು ಎಂದು ಆಗ ಹೇಳಲಾಗಿತ್ತು.

ಕಡಿಮೆ ಖರ್ಚಿನಲ್ಲಿ ವಿಶ್ವವಿದ್ಯಾಲಯ ನಡೆಸುವ ಯೋಚನೆಯೇ ತಪ್ಪೆಂದು ಹೇಳಲಾಗದು. ಆದರೆ ಖರ್ಚು ಕಡಿಮೆ ಎಂದು ತೋರಿದ್ದಕ್ಕೆ ಮುಖ್ಯ ಕಾರಣ, ಆರಂಭದ ಅಂದಾಜಿನಲ್ಲಿ ಖರ್ಚಿನ ದೊಡ್ಡ ಬಾಬ್ತುಗಳು ಇರಲೇ ಇಲ್ಲ ಎಂಬುದು. ಕುಲಪತಿ, ಇಬ್ಬರು ಕುಲಸಚಿವರು, ಹಣಕಾಸು ಅಧಿಕಾರಿ, ಅವರ ಕಚೇರಿಗಳು, ಪರೀಕ್ಷಾ ವಿಭಾಗ: ಒಂದು ವಿಶ್ವವಿದ್ಯಾಲಯ ಎಷ್ಟೇ ಚಿಕ್ಕದಾದರೂ ಈ ಆಡಳಿತದ ಚೌಕಟ್ಟು ಬೇಕೇ ಬೇಕು. ಅದರ ಮೇಲೆ ಬೋಧಕರ ವೇತನ, ಪ್ರಯೋಗಾಲಯ, ಗ್ರಂಥಾಲಯ, ವಿದ್ಯಾರ್ಥಿನಿಲಯ. ಕೊಟ್ಟದ್ದು ಕೆಲವೇ ಕೋಟಿ ರೂಪಾಯಿಗಳ ಆರಂಭಿಕ ಹಣ. ನಿಯಮಗಳ ಪ್ರಕಾರ ಪೂರ್ಣಪ್ರಮಾಣದ ವಿಶ್ವವಿದ್ಯಾಲಯ ಕಟ್ಟಲು ಬೇಕಾದದ್ದು ನೂರಾರು ಕೋಟಿ. ಈ ಅಂತರ 2022ರಲ್ಲೇ ಎಲ್ಲರಿಗೂ ಕಾಣುವಂತಿತ್ತು. ಅದನ್ನು 2025ರಲ್ಲಿ ಹೊಸದಾಗಿ ಕಂಡುಹಿಡಿದಂತೆ ಮಂಡಿಸಿದ್ದು ರಾಜಕೀಯವಾಗಿ ಅನುಕೂಲಕರ ಅಷ್ಟೆ.

ಬೊಕ್ಕಸಕ್ಕೆ ಹಣ ಬರುವ ದಾರಿಗಳು

ಕರ್ನಾಟಕದ ಒಂದು ಸಾಮಾನ್ಯ ವಿಶ್ವವಿದ್ಯಾಲಯಕ್ಕೆ ಹಣ ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಒಂದು, ಮಂಜೂರಾದ ಹುದ್ದೆಗಳಲ್ಲಿ ಕೆಲಸ ಮಾಡುತ್ತಿರುವ ಕಾಯಂ ನೌಕರರ ವೇತನಕ್ಕೆ ಸರ್ಕಾರ ಕೊಡುವ ಅನುದಾನ. ಎರಡು, ಆಂತರಿಕ ಸಂಪನ್ಮೂಲ ಎಂದು ಕರೆಯಲಾಗುವ ಸ್ವಂತ ಆದಾಯ: ಸಂಯೋಜಿತ (ಅಂದರೆ ಅದರ ವ್ಯಾಪ್ತಿಗೆ ಸೇರಿದ) ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ಪದವಿ ವಿದ್ಯಾರ್ಥಿಗಳ ನೋಂದಣಿ ಮತ್ತು ಪರೀಕ್ಷಾ ಶುಲ್ಕ, ಅಂಕಪಟ್ಟಿ–ಘಟಿಕೋತ್ಸವದ ಶುಲ್ಕ, ಸ್ವಯಂ ಆರ್ಥಿಕ ನೆಲೆಯ ಕೋರ್ಸುಗಳು, ಒಂದು ಕಾಲದಲ್ಲಿ ದೂರಶಿಕ್ಷಣ. ಅತಿಥಿ ಉಪನ್ಯಾಸಕರ ಸಂಭಾವನೆ, ಹೊರಗುತ್ತಿಗೆ ನೌಕರರ ಕೂಲಿ, ವಿದ್ಯುತ್ ಬಿಲ್, ಕಟ್ಟಡ ದುರಸ್ತಿ, ಮೌಲ್ಯಮಾಪನದ ಭತ್ಯೆ ಇವೆಲ್ಲ ಬಹುಮಟ್ಟಿಗೆ ಈ ಎರಡನೆಯ ತೊಟ್ಟಿಯಿಂದಲೇ ಹೋಗಬೇಕು. ಪಿಂಚಣಿಗೆ ಸರ್ಕಾರ ಕೊಡುವುದು ಸಾಲದೆ ಬಂದಾಗ ಅದರ ಕೊರತೆಯೂ ಇದೇ ತೊಟ್ಟಿಯ ಮೇಲೆ ಬೀಳುತ್ತದೆ.

ಇಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಹಾಸನದಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಬರವಿಲ್ಲ. 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ, ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಕೃಷಿ ಕಾಲೇಜು, ಪಶುವೈದ್ಯಕೀಯ ಕಾಲೇಜು, ಕಾನೂನು ಕಾಲೇಜು ಇವೆ. ಆದರೆ ಎಂಜಿನಿಯರಿಂಗ್ ಕಾಲೇಜುಗಳು ಸೇರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ. ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ. ಪಶುವೈದ್ಯಕೀಯ ಕಾಲೇಜು ಬೀದರ್‌ನ ಪಶು ವಿಶ್ವವಿದ್ಯಾಲಯಕ್ಕೆ. ಹೆಚ್ಚು ಶುಲ್ಕ ಕಟ್ಟಬಲ್ಲ ವಿದ್ಯಾರ್ಥಿಗಳಿರುವ ಕೋರ್ಸುಗಳು 1990ರ ದಶಕದಿಂದೀಚೆಗೆ ಒಂದೊಂದಾಗಿ ಸಾಮಾನ್ಯ ವಿಶ್ವವಿದ್ಯಾಲಯಗಳ ಕೈಬಿಟ್ಟಿವೆ. ಹಾಸನ ವಿಶ್ವವಿದ್ಯಾಲಯದ ಪಾಲಿಗೆ ಉಳಿದಿರುವುದು ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿ.ಎಡ್. ಓದುವ ಮಕ್ಕಳು. ಅವರಲ್ಲಿ ಬಹುಪಾಲು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳವರು, ಗ್ರಾಮಾಂತರದವರು, ಹೆಣ್ಣುಮಕ್ಕಳು, ಶುಲ್ಕ ವಿನಾಯಿತಿ ಅಥವಾ ಮರುಪಾವತಿಯ ವ್ಯಾಪ್ತಿಗೆ ಬರುವವರು. ಇವರ ಶುಲ್ಕ ಏರಿಸಿ ವಿಶ್ವವಿದ್ಯಾಲಯ ಉಳಿಸುತ್ತೇವೆ ಎನ್ನುವವರು, ಆ ಮಕ್ಕಳಲ್ಲಿ ಎಷ್ಟು ಮಂದಿ ಅನಂತರವೂ ಕಾಲೇಜಿನಲ್ಲಿ ಉಳಿಯುತ್ತಾರೆ ಎಂಬ ಅಂದಾಜನ್ನೂ ಜೊತೆಗೆ ಕೊಡಬೇಕು.

ಇರುವ ಸಣ್ಣ ಆದಾಯದ ಮೇಲೂ ಈಚಿನ ವರ್ಷಗಳಲ್ಲಿ ತೆರಿಗೆಯ ಕಣ್ಣು ಬಿದ್ದಿದೆ. ಕಾಲೇಜುಗಳಿಂದ ಪಡೆಯುವ ಸಂಯೋಜನಾ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಅನ್ವಯಿಸುವುದಿಲ್ಲ, ಶೇ 18ರಷ್ಟು ತೆರಿಗೆ ಕಟ್ಟಬೇಕು ಎಂದು 2024ರ ಸೆಪ್ಟೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆಯ ನಂತರ ಸ್ಪಷ್ಟನೆ ಹೊರಬಿತ್ತು. ಆದಾಯ ತೆರಿಗೆಯ ಕಥೆ ಇನ್ನೂ ವಿಚಿತ್ರ. ಸಂಪೂರ್ಣವಾಗಿ ಅಥವಾ ಗಣನೀಯವಾಗಿ ಸರ್ಕಾರದ ಹಣದಿಂದ ನಡೆಯುವ ವಿಶ್ವವಿದ್ಯಾಲಯಕ್ಕೆ ತಾನೇ ತಾನಾಗಿ ವಿನಾಯಿತಿ ಸಿಗುತ್ತದೆ. ‘ಗಣನೀಯ’ ಎಂದರೆ ಒಟ್ಟು ಸ್ವೀಕೃತಿಯಲ್ಲಿ ಸರ್ಕಾರದ ಅನುದಾನ ಶೇ 50ಕ್ಕಿಂತ ಹೆಚ್ಚಿರಬೇಕು ಎಂದು ನಿಯಮ. 2016ರಲ್ಲಿ ಸುಪ್ರೀಂ ಕೋರ್ಟ್ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಈ ವಿನಾಯಿತಿ ಸಲ್ಲದು ಎಂದು ಹೇಳಿದ್ದು, ಸರ್ಕಾರದಿಂದ ಅದಕ್ಕೆ ಬರುತ್ತಿದ್ದ ಹಣ ತೀರಾ ಅಲ್ಪ ಎಂಬ ಕಾರಣಕ್ಕೆ. ಮದ್ರಾಸ್ ವಿಶ್ವವಿದ್ಯಾಲಯದ ಬ್ಯಾಂಕ್ ಖಾತೆಗಳು 2024ರಲ್ಲಿ ಸ್ತಂಭನಗೊಂಡದ್ದರ ಹಿಂದೆಯೂ ಇದೇ ಬಗೆಯ ತೆರಿಗೆ ವಿವಾದವಿತ್ತು. ಸರ್ಕಾರ ಅನುದಾನ ಕಡಿಮೆ ಮಾಡುತ್ತಾ ‘ಸ್ವಂತ ಸಂಪನ್ಮೂಲ ಹೆಚ್ಚಿಸಿಕೊಳ್ಳಿ’ ಎಂದು ಸುತ್ತೋಲೆ ಕಳಿಸುತ್ತದೆ. ಆ ಮಾತನ್ನು ಚಾಚೂತಪ್ಪದೆ ಪಾಲಿಸಿದ ವಿಶ್ವವಿದ್ಯಾಲಯ ಇನ್ನೊಂದು ಸರ್ಕಾರದ ತೆರಿಗೆ ನೋಟಿಸಿಗೆ ಗುರಿಯಾಗುತ್ತದೆ.

ಪಾಲು ಮಾಡಿದ್ದು ಏನನ್ನು?

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ಥಾಪಿಸಿದ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಈಚಿನವರೆಗೂ ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ಜಿಲ್ಲೆಗಳ ಕಾಲೇಜುಗಳಿದ್ದವು. ಈಗ ಮಂಡ್ಯ, ಹಾಸನ, ಚಾಮರಾಜನಗರ ಮೂರೂ ಹೊರಗೆ ಹೋಗಿ, ಉಳಿದದ್ದು ಮೈಸೂರು ಜಿಲ್ಲೆ ಮಾತ್ರ. ಕಾಲೇಜುಗಳ ಜೊತೆಗೆ ಅವುಗಳ ಸಂಯೋಜನಾ ಶುಲ್ಕವೂ ಪರೀಕ್ಷಾ ಶುಲ್ಕವೂ ಹೊಸ ವಿಶ್ವವಿದ್ಯಾಲಯಗಳಿಗೆ ಹೋದವು. ಆದರೆ ನಾಲ್ಕೂ ಜಿಲ್ಲೆಗಳ ಮಕ್ಕಳಿಗೆ ದಶಕಗಳ ಕಾಲ ಪಾಠ ಹೇಳಿ, ಪರೀಕ್ಷೆ ನಡೆಸಿ ನಿವೃತ್ತರಾದ ಪ್ರಾಧ್ಯಾಪಕರು, ಗುಮಾಸ್ತರು, ಅಟೆಂಡರುಗಳ ಪಿಂಚಣಿಯ ಹೊಣೆ ಎಲ್ಲಿಗೂ ಹೋಗಲಿಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಜಮೀನನ್ನು ಎಲ್ಲರಿಗೂ ಹಂಚಿ, ಅಪ್ಪನ ಸಾಲವನ್ನು ಹಿರಿಯವನ ಹೆಸರಿಗೇ ಬರೆದ ಹಾಗೆ ಆಯಿತು.

ಇದು ಮೈಸೂರಿನ ಒಂಟಿ ಕಥೆಯಲ್ಲ. ಕೊಡಗು ವಿಶ್ವವಿದ್ಯಾಲಯವಾದಾಗ ಮಂಗಳೂರು ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಒಂದು ಜಿಲ್ಲೆಯನ್ನೂ, ಚಿಕ್ಕ ಅಳುವಾರದ ಜ್ಞಾನಕಾವೇರಿ ಆವರಣವನ್ನೂ ಬಿಟ್ಟುಕೊಟ್ಟಿತು. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅನುಭವವೂ ಬೇರೆಯಲ್ಲ. ಹಳೆಯ ವಿಶ್ವವಿದ್ಯಾಲಯಗಳ ನಿವೃತ್ತರು ಪಿಂಚಣಿಗಾಗಿ ಧರಣಿ ಕುಳಿತ ಸುದ್ದಿ ಈಗ ಅಪರೂಪವಾಗಿ ಉಳಿದಿಲ್ಲ. ಮೂವತ್ತು ವರ್ಷ ಸೇವೆ ಮಾಡಿದವರು ತಿಂಗಳ ಕೊನೆಗೆ ಬ್ಯಾಂಕಿನಲ್ಲಿ ಪಿಂಚಣಿ ಜಮಾ ಆಗಿದೆಯೇ ಎಂದು ವಿಚಾರಿಸಬೇಕಾದ ಸ್ಥಿತಿಗೂ, ಅವರಿಂದ ನೂರು ಕಿಲೋಮೀಟರ್ ಆಚೆ ಹೊಸ ಕುಲಪತಿಯ ಕಚೇರಿಗೆ ಬಣ್ಣ ಹೊಡೆದದ್ದಕ್ಕೂ ಸಂಬಂಧವಿದೆ ಎಂಬುದನ್ನು ವಿಧಾನಸಭೆಯ ಚರ್ಚೆಗಳಲ್ಲಿ ಯಾರೂ ಜೋಡಿಸಿ ಹೇಳುವುದು ಕಡಿಮೆ.

ಹೀಗಿರುವಾಗ ಹಾಸನವನ್ನು ಮತ್ತೆ ಮೈಸೂರಿಗೆ ಸೇರಿಸಿದರೆ ಮೈಸೂರು ಚೇತರಿಸಿಕೊಳ್ಳುತ್ತದೆಯೇ? ಸ್ವಲ್ಪ ಮಟ್ಟಿಗೆ ಹೌದು. ಕಾಲೇಜುಗಳ ಶುಲ್ಕ ಮರಳಿ ಬರುತ್ತದೆ, ಎರಡೆರಡು ಪರೀಕ್ಷಾ ವಿಭಾಗಗಳ ಖರ್ಚು ತಪ್ಪುತ್ತದೆ. ಆದರೆ ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕದಿಂದ ಒಂದು ಶತಮಾನದ ಸಂಸ್ಥೆಯ ಪಿಂಚಣಿ ಕೊಡುವ ವ್ಯವಸ್ಥೆ ಹಾಸನ ಬೇರ್ಪಡುವ ಮುಂಚೆಯೂ ಏದುಸಿರು ಬಿಡುತ್ತಿತ್ತು. ವಿಲೀನ ಅದನ್ನು ಹಳೆಯ ಏದುಸಿರಿಗೆ ಮರಳಿಸುತ್ತದೆ, ಅಷ್ಟೇ.

ದಿವಾಳಿ ಎಂದರೆ ಇಲ್ಲಿ ಹೇಗಿರುತ್ತದೆ

ಕಂಪನಿ ಸಾಲ ತೀರಿಸಲಾಗದಿದ್ದರೆ 2016ರ ದಿವಾಳಿ ಸಂಹಿತೆಯ ಅಡಿಯಲ್ಲಿ ನ್ಯಾಯಮಂಡಳಿಗೆ ಹೋಗಬಹುದು, ಆಡಳಿತ ಬೇರೆಯವರ ಕೈಸೇರುತ್ತದೆ, ಸಾಲ ಕೊಟ್ಟವರ ಸಮಿತಿ ಕೂರುತ್ತದೆ. ಶಾಸನದಿಂದ ಹುಟ್ಟಿದ ರಾಜ್ಯ ವಿಶ್ವವಿದ್ಯಾಲಯಕ್ಕೆ ಅಂಥ ದಾರಿಯಿಲ್ಲ. ಅದನ್ನು ಹುಟ್ಟಿಸಿದ ಶಾಸನಸಭೆಯೇ ಮುಚ್ಚಬೇಕು. ಹಾಗಾಗಿ ನಮ್ಮಲ್ಲಿ ವಿಶ್ವವಿದ್ಯಾಲಯ ಒಂದು ದಿನಾಂಕದಂದು ದಿವಾಳಿಯಾಗುವುದಿಲ್ಲ. ನಿವೃತ್ತರಾದವರ ಜಾಗ ತುಂಬುವುದಿಲ್ಲ, ಹಣಕಾಸು ಇಲಾಖೆಯ ಅನುಮತಿಗೆ ಕಡತ ಕಾಯುತ್ತದೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ ಮಂಜೂರಾದ ಬೋಧಕ ಹುದ್ದೆಗಳ ಅರ್ಧದಷ್ಟು, ಕೆಲವೆಡೆ ಅದಕ್ಕಿಂತ ಹೆಚ್ಚು, ಖಾಲಿ ಬಿದ್ದಿವೆ. ಅತಿಥಿ ಉಪನ್ಯಾಸಕರ ಸಂಭಾವನೆ ತಿಂಗಳುಗಟ್ಟಲೆ ತಡವಾಗುತ್ತದೆ. ಮೌಲ್ಯಮಾಪನದ ಭತ್ಯೆ ಬಾಕಿ ಉಳಿದು ಫಲಿತಾಂಶ ತಡವಾಗುತ್ತದೆ. ಪತ್ರಿಕೆಗಳ ಚಂದಾ ನಿಲ್ಲುತ್ತದೆ. ಕೊನೆಗೆ ಪಿಂಚಣಿಗೆ ಕೈಬೀಳುತ್ತದೆ. ಇದರಲ್ಲಿ ಯಾವ ಹಂತವೂ ಕಾನೂನಿನ ದೃಷ್ಟಿಯಲ್ಲಿ ದಿವಾಳಿಯಲ್ಲ, ಆದ್ದರಿಂದ ಯಾವ ಹಂತದಲ್ಲೂ ಸರ್ಕಾರ ಮಧ್ಯಪ್ರವೇಶಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ.

ಬೇರೆ ದೇಶಗಳಲ್ಲಿ ಇದು ಹೆಚ್ಚು ಕಣ್ಣಿಗೆ ಬೀಳುವಂತೆ ನಡೆದಿದೆ. ಕೆನಡಾದ ಒಂಟಾರಿಯೊ ಪ್ರಾಂತದ ಸಡ್ಬರಿ, ನಿಕ್ಕಲ್ ಗಣಿಗಳ ಊರು. ಅಲ್ಲಿನ ಲಾರೆನ್ಶಿಯನ್ ವಿಶ್ವವಿದ್ಯಾಲಯ 2021ರ ಫೆಬ್ರುವರಿ 1ರಂದು ಸಾಲ ಕೊಟ್ಟವರಿಂದ ರಕ್ಷಣೆ ಕೋರಿ, ಕಂಪನಿಗಳಿಗೆಂದೇ ಇದ್ದ ಕಾಯ್ದೆಯ ಅಡಿಯಲ್ಲಿ ನ್ಯಾಯಾಲಯದ ಮೊರೆಹೋಯಿತು. ಸರ್ಕಾರದ ಹಣ ಪಡೆಯುವ ವಿಶ್ವವಿದ್ಯಾಲಯವೊಂದು ಆ ದೇಶದಲ್ಲಿ ಹೀಗೆ ಮಾಡಿದ್ದು ಅದೇ ಮೊದಲು. ಕೆಲವೇ ತಿಂಗಳಲ್ಲಿ 69 ಕೋರ್ಸುಗಳು ನಿಂತವು, ಸೂಲಗಿತ್ತಿಯರ ತರಬೇತಿ ಕೋರ್ಸೂ ಅದರಲ್ಲಿ ಸೇರಿತ್ತು. ಸುಮಾರು ಇನ್ನೂರು ಮಂದಿ ಕೆಲಸ ಕಳೆದುಕೊಂಡರು. ಪ್ರಾಂತದ ಲೆಕ್ಕಪರಿಶೋಧಕರು 2022ರಲ್ಲಿ ಕೊಟ್ಟ ವರದಿ, ಕೈಮೀರಿದ ಕಟ್ಟಡ ಯೋಜನೆಗಳನ್ನೂ ಸಡಿಲ ಮೇಲ್ವಿಚಾರಣೆಯನ್ನೂ ಬೊಟ್ಟು ಮಾಡಿ ತೋರಿಸಿತು. ಸರ್ಕಾರ ಕೊನೆಗೂ ನೆರವಿಗೆ ಬಂತು, ವಿಶ್ವವಿದ್ಯಾಲಯದ ಆಸ್ತಿಯ ಒಂದು ಭಾಗವನ್ನು ತಾನೇ ಕೊಳ್ಳುವ ಏರ್ಪಾಡನ್ನೂ ಮಾಡಿತು. ಆದರೆ ಅಷ್ಟರಲ್ಲಿ ಕೋರ್ಸುಗಳು ಹೋಗಿದ್ದವು. ತಡವಾಗಿ ಬಂದ ಹಣ ಸಾಲ ಕೊಟ್ಟವರ ಲೆಕ್ಕ ಚುಕ್ತಾ ಮಾಡಿತೇ ಹೊರತು ಮುಚ್ಚಿದ ವಿಭಾಗಗಳನ್ನು ತೆರೆಯಲಿಲ್ಲ.

ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಪ್ರಕರಣ ಇದಕ್ಕಿಂತ ಹತ್ತಿರದ್ದು. ವಿದೇಶಿ ವಿದ್ಯಾರ್ಥಿಗಳ ಶುಲ್ಕವನ್ನೇ ನೆಚ್ಚಿಕೊಂಡಿದ್ದ ಆ ಸಂಸ್ಥೆ, ಅವರ ಸಂಖ್ಯೆ ಇಳಿದಾಗ, 2024ರ ನವೆಂಬರ್‌ನಲ್ಲಿ ದೊಡ್ಡ ಕೊರತೆಯನ್ನು ಬಹಿರಂಗಪಡಿಸಿತು. ಆ ಕೊರತೆ 35 ದಶಲಕ್ಷ ಪೌಂಡ್ ಎಂದು ನಂತರ ಹೇಳಿತು. 2025ರ ಮಾರ್ಚ್‌ನಲ್ಲಿ ಆರುನೂರಕ್ಕೂ ಹೆಚ್ಚು ಹುದ್ದೆಗಳನ್ನು ಕಡಿತಗೊಳಿಸುವ ಯೋಜನೆ ಮುಂದಿಟ್ಟಿತು. ಸ್ಕಾಟ್ಲೆಂಡಿನ ಧನಸಹಾಯ ಮಂಡಳಿ ಮೊದಲು 22 ದಶಲಕ್ಷ ಪೌಂಡ್ ಒದಗಿಸಿತು. ಜೂನ್‌ನಲ್ಲಿ ಸರ್ಕಾರವೇ ಇನ್ನೂ 40 ದಶಲಕ್ಷ ಪೌಂಡ್ ಕೊಡುವುದಾಗಿ ಘೋಷಿಸಿತು. ಅದೇ ತಿಂಗಳು ಸ್ವತಂತ್ರ ತನಿಖೆಯ ವರದಿಯೂ ಹೊರಬಂದು, ಆಡಳಿತದವರು ಹಣಕಾಸಿನ ವಿಷಯದಲ್ಲಿ ಎಡವಿದ್ದನ್ನೂ, ಆಡಳಿತ ಮಂಡಳಿ ಅವರನ್ನು ಸರಿಯಾಗಿ ಪ್ರಶ್ನಿಸದೆ ಹೋದದ್ದನ್ನೂ ಬಿಡಿಸಿ ಹೇಳಿತು.

ಆ ನೆರವು ಸಾಕಾಯಿತೇ ಎಂಬುದು ಬೇರೆ ಪ್ರಶ್ನೆ. ನನ್ನ ಗಮನ ಸೆಳೆಯುವುದು ಅದು ನಡೆದ ಕ್ರಮ: ಕಂತಿನಲ್ಲಿ ಹಣ, ಷರತ್ತು, ಕಾರಣ ಹುಡುಕುವ ತನಿಖೆ, ಆ ತನಿಖೆಯ ಪ್ರಕಟಣೆ. ನಮ್ಮಲ್ಲಿ ವಿಶ್ವವಿದ್ಯಾಲಯಕ್ಕೆ ಸಂಕಷ್ಟ ಬಂದರೆ ಕುಲಪತಿ ಸಚಿವರಿಗೆ ಮನವಿ ಕೊಡುತ್ತಾರೆ, ಸಚಿವರು ಮುಖ್ಯಮಂತ್ರಿಗಳ ಗಮನಕ್ಕೆ ತರುವ ಭರವಸೆ ಕೊಡುತ್ತಾರೆ, ಆರ್ಥಿಕ ವರ್ಷದ ಕೊನೆಯಲ್ಲಿ ಒಂದಿಷ್ಟು ಹಣ ಬಿಡುಗಡೆಯಾಗಿ ಎರಡು ತಿಂಗಳ ಪಿಂಚಣಿ ಹೋಗುತ್ತದೆ. ಮಹಾಲೇಖಪಾಲರ ಆಕ್ಷೇಪಗಳು ವರ್ಷಗಳ ನಂತರ ಶಾಸನಸಭೆಯ ಮೇಜಿಗೆ ಬರುತ್ತವೆ. ಅಷ್ಟರಲ್ಲಿ ಆ ಕುಲಪತಿಯ ಅವಧಿ ಮುಗಿದಿರುತ್ತದೆ. ಕುಲಪತಿಯ ಹುದ್ದೆಯ ಆಕಾಂಕ್ಷಿಗಳ ಓಡಾಟಕ್ಕೆ ಸಿಗುವ ಪ್ರಚಾರದ ಕಾಲುಭಾಗ ವಿಶ್ವವಿದ್ಯಾಲಯಗಳ ವಾರ್ಷಿಕ ಲೆಕ್ಕಪತ್ರಕ್ಕೆ ಸಿಕ್ಕಿದ್ದರೆ ಪರಿಸ್ಥಿತಿ ಇಷ್ಟು ದೂರ ಬರುತ್ತಿರಲಿಲ್ಲ.

ನೆರವು ಕೊಡುವುದಾದರೆ

ಮೊದಲಿಗೆ ಪಿಂಚಣಿಯನ್ನು ಬೇರ್ಪಡಿಸಬೇಕು. ಸರ್ಕಾರಿ ಪದವಿ ಕಾಲೇಜಿನ ಪ್ರಾಧ್ಯಾಪಕರಿಗೆ ಖಜಾನೆಯಿಂದ ಪಿಂಚಣಿ ಬರುವಂತೆಯೇ ವಿಶ್ವವಿದ್ಯಾಲಯದ ನಿವೃತ್ತರಿಗೂ ನೇರವಾಗಿ ರಾಜ್ಯದ ಖಜಾನೆಯಿಂದ ಬರಬೇಕು. ಇದು ತಳವಿಲ್ಲದ ಬಾವಿಯಲ್ಲವೇ ಎಂಬ ಆತಂಕ ಹಣಕಾಸು ಇಲಾಖೆಗೆ ಸಹಜ. ಆದರೆ ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದೀಚೆಗೆ ಸರ್ಕಾರಿ ಸೇವೆಗೆ ಸೇರಿದವರು, ನೌಕರರೂ ಸರ್ಕಾರವೂ ಸೇವಾವಧಿಯಲ್ಲೇ ವಂತಿಗೆ ಕಟ್ಟುವ ಹೊಸ ಪಿಂಚಣಿ ಯೋಜನೆಗೆ ಬರುತ್ತಾರೆ. ಅದಕ್ಕೆ ಮುಂಚೆ ಸೇರಿದವರಲ್ಲಿ ತೀರಾ ಕಿರಿಯರೂ 2040ರ ದಶಕದ ಕೊನೆಯ ಹೊತ್ತಿಗೆ ನಿವೃತ್ತರಾಗುತ್ತಾರೆ. ಹಳೆಯ ಪಿಂಚಣಿಯ ಹೊರೆ ಇನ್ನೂ ಕೆಲವು ವರ್ಷ ಏರಿ, ಅಲ್ಲಿಂದ ನಿಧಾನವಾಗಿ ಇಳಿಯುವಂಥದ್ದು; ಎಷ್ಟು, ಯಾವಾಗ ಎಂಬುದನ್ನು ಇಂದೇ ಲೆಕ್ಕ ಹಾಕಬಹುದು. ಹಳೆ ಪಿಂಚಣಿಯನ್ನೇ ಮರಳಿ ತರಬೇಕೆಂಬ ನೌಕರರ ಬೇಡಿಕೆಗೆ ಸರ್ಕಾರ ಒಪ್ಪಿದರೆ ಈ ಲೆಕ್ಕ ಬದಲಾಗುತ್ತದೆ ಎಂಬುದೂ ನಿಜ. ಅದೇನೇ ಇರಲಿ, ಹಾಸನದ ಒಬ್ಬ ಬಿ.ಎ. ವಿದ್ಯಾರ್ಥಿನಿ ಕಟ್ಟುವ ಪರೀಕ್ಷಾ ಶುಲ್ಕ ಇನ್ನೊಂದು ಊರಿನ ನಿವೃತ್ತ ನೌಕರರ ಜೀವನಾಧಾರ ಆಗಬೇಕು ಎನ್ನುವುದಕ್ಕೆ ಯಾವ ನ್ಯಾಯವೂ ಇಲ್ಲ.

ಪಿಂಚಣಿಯನ್ನು ಹೊರಗಿಟ್ಟ ಮೇಲಷ್ಟೇ ಒಂದು ವಿಶ್ವವಿದ್ಯಾಲಯ ತನ್ನ ಕೆಲಸವನ್ನು ತನ್ನ ಆದಾಯದಲ್ಲಿ ನಡೆಸಬಲ್ಲದೇ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಗುತ್ತದೆ. ಆಗ ಕೊಡುವ ಅನುದಾನಕ್ಕೆ ಒಂದು ಅಳತೆಗೋಲು ಬೇಕು. ಈಗಿನ ವೇತನ ಅನುದಾನ ಭರ್ತಿಯಾದ ಹುದ್ದೆಗಳನ್ನು ಅನುಸರಿಸುತ್ತದೆ. ಹಾಗಾಗಿ ಹುದ್ದೆ ಖಾಲಿ ಬಿಟ್ಟಷ್ಟೂ ಸರ್ಕಾರಕ್ಕೆ ಉಳಿತಾಯ, ಅತಿಥಿ ಉಪನ್ಯಾಸಕರ ಖರ್ಚು ಮಾತ್ರ ವಿಶ್ವವಿದ್ಯಾಲಯದ ತಲೆಗೆ. ಖಾಲಿ ಹುದ್ದೆಯ ವೇತನದ ಒಂದು ಪಾಲಾದರೂ, ಆ ಹುದ್ದೆ ತುಂಬುವವರೆಗೆ, ಬದಲಿ ಬೋಧಕರಿಗಾಗಿ ವಿಶ್ವವಿದ್ಯಾಲಯಕ್ಕೇ ಬರಬೇಕು. ಹೀಗಾದರೆ ನೇಮಕಾತಿ ತಡೆದು ಹಣ ಉಳಿಸುವ ಆಸೆ ಹಣಕಾಸು ಇಲಾಖೆಗೂ ಕಡಿಮೆಯಾಗುತ್ತದೆ.

ಷರತ್ತುಗಳ ವಿಷಯದಲ್ಲಿ ವಿಶ್ವವಿದ್ಯಾಲಯಗಳು ಮುನಿಸಿಕೊಳ್ಳುವಂತಿಲ್ಲ. ಆಯವ್ಯಯದಲ್ಲಿ ಬಾರದೇ ಇರುವ ಆದಾಯವನ್ನು ಬರೆದುಕೊಂಡು ಖರ್ಚಿಗೆ ಒಪ್ಪಿಗೆ ಪಡೆಯುವುದು, ನಿಗದಿತ ಉದ್ದೇಶಕ್ಕಿದ್ದ ಠೇವಣಿಯನ್ನು ದಿನನಿತ್ಯದ ಖರ್ಚಿಗೆ ಮುರಿಯುವುದು, ಅಗತ್ಯಕ್ಕಿಂತ ಹೆಚ್ಚು ಹೊರಗುತ್ತಿಗೆ ನೇಮಕ, ಬಳಕೆಗೆ ಬಾರದ ಅತಿಥಿಗೃಹ ಇಂಥವು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆಗಳ ಒಳಗೇ ಒಪ್ಪಿಗೆ ಪಡೆದ ತಪ್ಪುಗಳು. ಅವುಗಳಿಗೆಲ್ಲ ಸರ್ಕಾರವನ್ನು ಹೊಣೆ ಮಾಡಲಾಗದು. ಹಾಗೆಂದು ಸ್ವಾಯತ್ತತೆಯನ್ನೇ ಕಿತ್ತುಕೊಂಡು ಪ್ರತಿ ಚೀಟಿಗೂ ವಿಧಾನಸೌಧದ ಸಹಿ ಬೇಕೆನ್ನುವುದು ರೋಗಕ್ಕಿಂತ ಕೆಟ್ಟ ಮದ್ದು. ಲೆಕ್ಕಪರಿಶೋಧನೆಯಾದ ವಾರ್ಷಿಕ ಲೆಕ್ಕವನ್ನು ಮುಂದಿನ ಆರ್ಥಿಕ ವರ್ಷ ಮುಗಿಯುವ ಮುನ್ನ ಪ್ರಕಟಿಸದ ವಿಶ್ವವಿದ್ಯಾಲಯಕ್ಕೆ ಹೆಚ್ಚುವರಿ ನೆರವಿನ ಎರಡನೆಯ ಕಂತು ಇಲ್ಲ ಎಂಬ ಒಂದೇ ನಿಯಮ ಬಹಳ ಕೆಲಸ ಮಾಡಬಲ್ಲದು.

ಕೇಂದ್ರದ ಹಣವನ್ನು ನಂಬಿಕೊಳ್ಳುವವರಿಗೆ ಒಂದು ಮಾತು. ಪಿಎಂ–ಉಷಾ ಯೋಜನೆಯಲ್ಲಿ ಆಯ್ದ ರಾಜ್ಯ ವಿಶ್ವವಿದ್ಯಾಲಯಗಳಿಗೆ ತಲಾ 100 ಕೋಟಿ ರೂಪಾಯಿವರೆಗೆ ಸಿಗುವ ಅವಕಾಶವಿತ್ತು, ಕೇಂದ್ರ ಮತ್ತು ರಾಜ್ಯದ ಪಾಲು 60:40. ಆದರೆ ಅದು ಕಟ್ಟಡ, ಪ್ರಯೋಗಾಲಯ, ಸಂಶೋಧನೆಗೆ ಕೊಡುವ ಹಣ. ಅದರಿಂದ ಪಿಂಚಣಿ ಕೊಡಲಾಗದು. ಜೊತೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 12(ಬಿ) ಮಾನ್ಯತೆ, ಅಂದರೆ ಕೇಂದ್ರದ ಅನುದಾನ ಪಡೆಯುವ ಅರ್ಹತೆ, ಮತ್ತು ಗುಣಮಟ್ಟ ಅಳೆಯುವ ನ್ಯಾಕ್ ಶ್ರೇಣಿ ಇರುವವರಿಗೇ ಇಂಥ ಬಾಗಿಲು ಸುಲಭವಾಗಿ ತೆರೆಯುತ್ತದೆ. ಆ ಮಾನ್ಯತೆಗೆ ಸ್ವಂತ ಕಟ್ಟಡ, ಕಾಯಂ ಬೋಧಕರು ಬೇಕು. ಅವರನ್ನು ನೇಮಿಸಲು ಹಣ ಬೇಕು. ಹಾಸನದಂಥ ಎಳೆಯ ಸಂಸ್ಥೆ ಈ ಸುತ್ತಿನಿಂದ ಹೊರಬರಬೇಕಾದರೆ ಮೊದಲ ಹಣ ರಾಜ್ಯದಿಂದಲೇ ಬರಬೇಕು. ಏಳನೇ ವೇತನ ಆಯೋಗದ ಯುಜಿಸಿ ವೇತನ ಶ್ರೇಣಿ ಜಾರಿಯಾದಾಗಲೂ ಹೆಚ್ಚುವರಿ ಹೊರೆಯ ಅರ್ಧವನ್ನು ಕೇಂದ್ರ ಭರಿಸಿದ್ದು 2016ರ ಜನವರಿಯಿಂದ 2019ರ ಮಾರ್ಚ್‌ವರೆಗೆ ಮಾತ್ರ. ಅಲ್ಲಿಂದಾಚೆಗೆ ಎಲ್ಲವೂ ರಾಜ್ಯದ್ದೇ.

ಹಾಗಾದರೆ ಹಾಸನ ವಿಶ್ವವಿದ್ಯಾಲಯ ಉಳಿಯಬೇಕೇ? ಜಿಲ್ಲೆಗೊಂದು ವಿಶ್ವವಿದ್ಯಾಲಯ ಎಂಬ ಘೋಷಣೆಯಲ್ಲಿ ನನಗೆ ನಂಬಿಕೆಯಿಲ್ಲ. ಅರಸೀಕೆರೆಯ ವಿದ್ಯಾರ್ಥಿಗೆ ಬೇಕಾದದ್ದು ಹತ್ತಿರದಲ್ಲಿ ಒಳ್ಳೆಯ ಸ್ನಾತಕೋತ್ತರ ವಿಭಾಗ, ಇರಲು ವಿದ್ಯಾರ್ಥಿನಿಲಯ, ಸಮಯಕ್ಕೆ ಫಲಿತಾಂಶ, ಕಾಯಂ ಅಧ್ಯಾಪಕರು. ಕುಲಪತಿಯ ಕಚೇರಿ ಎಲ್ಲಿದೆ ಎಂಬುದು ಆ ವಿದ್ಯಾರ್ಥಿಗೆ ದೊಡ್ಡ ಸಂಗತಿಯಲ್ಲ. ಹೇಮಗಂಗೋತ್ರಿಯಲ್ಲಿ ಹತ್ತು ವಿಭಾಗಗಳಿಗೆ ಪೂರ್ಣ ಬೋಧಕ ವೃಂದ ಕೊಡುವುದಾದರೆ ಅದು ಮೈಸೂರಿನ ಆವರಣವಾಗಿದ್ದರೂ ಅಡ್ಡಿಯಿಲ್ಲ. ಕೊಡದಿದ್ದರೆ ಸ್ವತಂತ್ರ ವಿಶ್ವವಿದ್ಯಾಲಯವಾಗಿದ್ದೂ ಉಪಯೋಗವಿಲ್ಲ. ಆದರೆ ಮುಚ್ಚುವವರು ಒಂದು ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ: ಇದರಿಂದ ಉಳಿಯುವ ಹಣ ಎಷ್ಟು, ಅದು ಹೇಮಗಂಗೋತ್ರಿಯ ತರಗತಿಗೆ ಹೋಗುತ್ತದೆಯೋ ಅಥವಾ ಹಣಕಾಸು ಇಲಾಖೆಯ ಸಾಮಾನ್ಯ ಉಳಿತಾಯಕ್ಕೆ ಸೇರುತ್ತದೆಯೋ? ಹಿಂದೆ ಇದು ಸ್ನಾತಕೋತ್ತರ ಕೇಂದ್ರವಾಗಿದ್ದಾಗ ಮಾನಸಗಂಗೋತ್ರಿಗೆ ಬಡಿಸಿ ಮಿಕ್ಕದ್ದು ಇಲ್ಲಿಗೆ ಬರುತ್ತಿತ್ತು ಎಂಬ ಹಾಸನದವರ ದೂರನ್ನು ಪ್ರತಿಷ್ಠೆಯ ಮಾತೆಂದು ತಳ್ಳಿಹಾಕುವಂತಿಲ್ಲ. ವಿಲೀನದ ಆದೇಶದಲ್ಲಿ ಆವರಣಕ್ಕೆ ಪ್ರತ್ಯೇಕ ಆಯವ್ಯಯ ಶೀರ್ಷಿಕೆ, ಹುದ್ದೆಗಳ ಖಾತ್ರಿ ಇಲ್ಲದಿದ್ದರೆ ಅದೇ ಪದ್ಧತಿ ಮರುಕಳಿಸುತ್ತದೆ.

ಪಕ್ಕದ ಚಿಕ್ಕಮಗಳೂರಿನ ಸ್ಥಿತಿ ಈ ಚರ್ಚೆಗೆ ಒಳ್ಳೆಯ ಹೋಲಿಕೆಯನ್ನು ಒದಗಿಸುತ್ತದೆ. ಅಲ್ಲಿನ ಪದವಿ ಕಾಲೇಜುಗಳು 1987ರಲ್ಲಿ ಹುಟ್ಟಿದ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಕಡೂರಿನಲ್ಲಿ ಅದರ ಸ್ನಾತಕೋತ್ತರ ಕೇಂದ್ರವಿದೆ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳು ಕುವೆಂಪುವಿನ ಕೈಬಿಟ್ಟು, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಎರಡೇ ಉಳಿದವು. ನಾಳೆ ಚಿಕ್ಕಮಗಳೂರಿಗೂ ಪ್ರತ್ಯೇಕ ವಿಶ್ವವಿದ್ಯಾಲಯ ಬೇಕೆಂಬ ಕೂಗು ಎದ್ದು, ಯಾವುದೋ ಚುನಾವಣೆಯ ಮುಂಚೆ ಅದು ಈಡೇರಿದರೆ, ಕುವೆಂಪು ವಿಶ್ವವಿದ್ಯಾಲಯ ಒಂದೇ ಜಿಲ್ಲೆಯ ಕಾಲೇಜುಗಳನ್ನಿಟ್ಟುಕೊಂಡು ತನ್ನ ಎಲ್ಲ ಹಳೆಯ ಹೊಣೆಗಳನ್ನು ಹೊರಬೇಕಾಗುತ್ತದೆ. ಮೂಡಿಗೆರೆ, ಶೃಂಗೇರಿ, ಕೊಪ್ಪದ ಮಕ್ಕಳಿಗೆ ಅದರಿಂದ ಸಿಗುವುದು ಅಂಕಪಟ್ಟಿಯ ಮೇಲೆ ಬೇರೆ ಮುದ್ರೆ. ಅದರ ಬದಲು ಕಡೂರಿನ ಕೇಂದ್ರಕ್ಕೆ ಬೇಕಾದ ಅಧ್ಯಾಪಕರನ್ನು ಕೊಡಲು ತಗಲುವ ಖರ್ಚು ಒಂದು ಹೊಸ ಕುಲಪತಿ ಕಚೇರಿಯ ಖರ್ಚಿಗಿಂತ ಹೆಚ್ಚೇನೂ ಆಗಲಾರದು. ಹೊಸ ವಿಶ್ವವಿದ್ಯಾಲಯದ ಮಸೂದೆ ತರುವಾಗ ಹಳೆಯದರ ಪಿಂಚಣಿ ಮತ್ತು ಸಾಲದಲ್ಲಿ ಹೊಸದರ ಪಾಲೆಷ್ಟು, ಅದನ್ನು ತುಂಬಿಕೊಡುವವರು ಯಾರು ಎಂಬ ಹಣಕಾಸು ವಿವರಣೆ ಅದರೊಂದಿಗೆ ಕಡ್ಡಾಯವಾಗಿ ಇರಬೇಕೆಂದು 2000ದ ಕಾಯ್ದೆಗೇ ತಿದ್ದುಪಡಿ ತಂದರೆ, ಇಂಥ ಘೋಷಣೆಗಳ ವೇಗ ತಾನಾಗಿಯೇ ತಗ್ಗುತ್ತದೆ.

ಇನ್ನು ಹಾಸನದಲ್ಲಿ ಈಗಾಗಲೇ ಓದುತ್ತಿರುವವರ ವಿಷಯ. ಮೈಸೂರಿನ ಹೆಸರಿನಲ್ಲಿ ದಾಖಲಾಗಿ ಹಾಸನದ ಪರೀಕ್ಷೆ ಬರೆದವರು, ಹಾಸನದ ಹೆಸರಿನಲ್ಲೇ ದಾಖಲಾಗಿ ನಾಳೆ ಮತ್ತೆ ಮೈಸೂರಿಗೆ ಸೇರಬಹುದಾದವರು, ಒಂದೆರಡು ವಿಷಯ ಉಳಿಸಿಕೊಂಡು ಮರುಪರೀಕ್ಷೆಗೆ ಕಾಯುತ್ತಿರುವವರು ಎಲ್ಲರೂ ಒಂದೇ ಜಿಲ್ಲೆಯಲ್ಲಿದ್ದಾರೆ. ಸರ್ಕಾರ ಯಾವ ತೀರ್ಮಾನ ಕೈಗೊಂಡರೂ, ಯಾರ ಪದವಿ ಪ್ರಮಾಣಪತ್ರ ಯಾವ ವಿಶ್ವವಿದ್ಯಾಲಯದ್ದು, ಹಳೆಯ ಪಠ್ಯಕ್ರಮದ ಮರುಪರೀಕ್ಷೆಯನ್ನು ಎಷ್ಟು ವರ್ಷ ಯಾರು ನಡೆಸುತ್ತಾರೆ, ಸಂಶೋಧನೆಗೆ ನೋಂದಾಯಿಸಿಕೊಂಡವರ ಮಾರ್ಗದರ್ಶಕರು ಬದಲಾದರೆ ಏನು ಗತಿ ಎಂಬ ವಿವರಗಳು ತಿದ್ದುಪಡಿ ಮಸೂದೆಯ ಸಂಕ್ರಮಣ ಕಾಲದ ನಿಬಂಧನೆಗಳಲ್ಲೇ ಇರಬೇಕು. ಅದನ್ನು ನಂತರದ ಸುತ್ತೋಲೆಗೆ ಬಿಟ್ಟರೆ, ಪೊಲೀಸ್ ನೇಮಕಾತಿಗೋ ಬ್ಯಾಂಕ್ ಕೆಲಸಕ್ಕೋ ದಾಖಲೆ ಪರಿಶೀಲನೆಗೆ ಹೋದವರು ಎರಡು ವಿಶ್ವವಿದ್ಯಾಲಯಗಳ ನಡುವೆ ಪತ್ರ ಹಿಡಿದು ಅಲೆಯಬೇಕಾಗುತ್ತದೆ.